ಪರದೆಯ ಫೋಟೋ ಹಾಕತಕ್ಕದ್ದಲ್ಲ

ಡ್ರಾಯಿಂಗ್ ಮೇಷ್ಟ್ರು ತೂತುಬಿದ್ದ ಬನಿಯನ್ನಿನಲ್ಲಿ, ತಲೆತುಂಬ ಕಪ್ಪು ಬಣ್ಣ ಮೆತ್ತಿಕೊಂಡು, ಬಲಗೈಯಲ್ಲಿ ಆ ಬಣ್ಣದ ಬ್ರಷ್ಷು ಹಿಡಿದು, ಬಾಯಿ ಅರ್ಧ ತೆರೆದುಕೊಂಡು ಲೋಕದ ಮುಂದೆ ಪ್ರಕಟವಾದದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ. ಅದು ಅವರಿಗೆ ಗೊತ್ತಾದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ನಡುವಿನ ಎರಡು ಗಂಟೆ ಇಪ್ಪತ್ತು ನಿಮಿಷ ಅವರು ಬಹಳ ಸಂತೋಷವಾಗಿದ್ದರು.

ಸಂತೋಷಕ್ಕೆ ಕಾರಣ ಹೆಂಡತಿಯ ತಮ್ಮ. ಹೆಂಡತಿಯ ತಮ್ಮನಿಂದ ಸಂತೋಷ ಪಡೆಯಲು ಒಬ್ಬ ಗಂಡಸಿಗೆ ಇರುವುದು ಒಂದೇ ದಾರಿ. ಅವನು ದೊಡ್ಡದೆಂದು ತಿಳಿದು ಮಾಡುತ್ತಿರುವ ಕೆಲಸವನ್ನು ಎಡಗೈಯಲ್ಲಿ ಮಾಡಿ ಬಿಸಾಕುವುದು. ಮೇಷ್ಟ್ರು ಅದನ್ನೇ ಮಾಡಿದ್ದೇನೆಂದು ನಂಬಿ, ತಲೆ ತೊಳೆದುಕೊಂಡು, ಕನ್ನಡಿಯ ಮುಂದೆ ಕೂದಲು ಹಿಂದಕ್ಕೆ ಬಾಚಿ, ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು.

ಈ ಭಾವಮೈದುನನಿಗೆ ಅವನ ಆಸ್ಪತ್ರೆಯಲ್ಲಿ 'ಎಡಬಲ' ಎಂದು ಹೆಸರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಳೆಯ ಎಕ್ಸ್‌ರೇ ಫಿಲಂ ಕಾಯುವುದು ಅವನ ಉದ್ಯೋಗ. ಕಬ್ಬಿಣದ ಕಪಾಟುಗಳು, ಕಂದು ಲಕೋಟೆಗಳು, ಗೋಡೆಯ ಮೇಲೆ ಫಿಲಂ ಸಿಕ್ಕಿಸಿ ನೋಡುವ ಒಂದು ದೀಪದ ಪೆಟ್ಟಿಗೆ, ಮತ್ತು ಇವನು. ಯಾರು ಬಂದು ಯಾವ ಫಿಲಂ ಕೇಳಿದರೂ ಅವನ ಮೊದಲ ಪ್ರಶ್ನೆ "ಎಡವೋ ಬಲವೋ?" ಕೈಕಾಲಿನದಾದರೆ ಸರಿ. ತಲೆಬುರುಡೆಯ ಫಿಲಂ ಕೇಳಿದವರನ್ನೂ ಹಾಗೇ ಕೇಳುತ್ತಾನೆ. ಹಿಂದೊಮ್ಮೆ ದೊಡ್ಡ ಡಾಕ್ಟರು ಒಂದು ಮಂಡಿಯ ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿಕೊಂಡು ನಾಲ್ಕು ಜನ ಕಿರಿಯರಿಗೆ ಪಾಠ ಹೇಳುತ್ತಿದ್ದಾಗ ಇವನು ನಡುವೆ ನುಗ್ಗಿ, ಫಿಲಂ ಕಿತ್ತು, ತಿರುಗಿಸಿ ಸಿಕ್ಕಿಸಿ, ಮಾತಿಲ್ಲದೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತನಂತೆ. ಯಾರದೋ ಮಂಡಿ ಉಳಿಯಿತು. ಇವನಿಗೆ ಆ ಹೆಸರು ಉಳಿಯಿತು.

ಚಿಕ್ಕಂದಿನಿಂದಲೂ ಅವನು ಹೀಗೇ. ಮೇಷ್ಟ್ರ ಮದುವೆಯ ಆಲ್ಬಮ್ಮಿನ ಪ್ರತಿ ಫೋಟೋದ ಹಿಂದೆಯೂ ಹದಿನಾಲ್ಕು ವರ್ಷದ ಈ ಪ್ರಾಣಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದೆ: 'ಎಡದಿಂದ ಎರಡನೆಯವರು ವರ. ಕಣ್ಣು ಮುಚ್ಚಿದ್ದಾರೆ. ಇನ್ನೊಂದು ಪ್ರತಿ ಇದೆ, ಅದರಲ್ಲೂ ಮುಚ್ಚಿದ್ದಾರೆ.' ಮದುವೆಯಾಗಿ ಇಪ್ಪತ್ತು ವರ್ಷವಾದರೂ ಮೇಷ್ಟ್ರಿಗೆ ಆ ಸಾಲು ಮರೆತಿಲ್ಲ.

ಇಂಥವನಿಗೆ ಲೋಕದಲ್ಲಿ ಎಲ್ಲಾದರೂ ಒಂದು ಸಿಂಹಾಸನ ಸಿಗಲೇಬೇಕಿತ್ತು. ಸಿಕ್ಕಿತು. 'ಮಂಜುಕೋಟೆ' ಎಂದು ಒಂದು ಕಂಪ್ಯೂಟರ್ ಆಟ. ಅದನ್ನು ಆಡುವವರೆಲ್ಲ ಕೂಡಿ ಅಂತರ್ಜಾಲದಲ್ಲಿ ಬರೆದಿಟ್ಟುಕೊಂಡ ಒಂದು ದೊಡ್ಡ ಪುಸ್ತಕವಿದೆ, ವಿಕಿ ಅನ್ನುತ್ತಾರೆ. ಯಾವ ರಾಕ್ಷಸ ಎಲ್ಲಿದ್ದಾನೆ, ಯಾವ ಕತ್ತಿಗೆ ಸಾಯುತ್ತಾನೆ ಎಂಬ ಲೋಕೋಪಕಾರಿ ವಿಷಯಗಳನ್ನು ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು, ಚಿತ್ರ ಹಾಕಬಹುದು. ಆರು ವರ್ಷದ ಹಿಂದೆ ಅಕ್ಕನ ಮಗಳು ಆಡುತ್ತಿದ್ದಾಗ ಎಡಬಲ ಹಿಂದೆ ನಿಂತು ನೋಡಿದ. ಒಂದು ಪುಟದಲ್ಲಿ ಕತ್ತಿಯ ಮೊನೆ ಎಡಕ್ಕಿತ್ತು, ಇನ್ನೊಂದು ಪುಟದಲ್ಲಿ ಅದೇ ಕತ್ತಿಯ ಮೊನೆ ಬಲಕ್ಕಿತ್ತು. ಅವನಿಗೆ ಅನ್ನ ಇಳಿಯಲಿಲ್ಲ. ಆ ವಾರವೇ ಸೇರಿದ. ಈಗ ಆ ವಿಕಿಯ ಇಪ್ಪತ್ತು ಸಾವಿರ ಚಿತ್ರಗಳಿಗೆ ಇರುವ ಮೂವರು ಮೇಲ್ವಿಚಾರಕರಲ್ಲಿ ಅವನೂ ಒಬ್ಬ. ಇದರಲ್ಲಿ ಮೇಷ್ಟ್ರಿಗೆ ಅತ್ಯಂತ ಹೇಸಿಗೆಯಾಗಿ ಕಂಡ ಸಂಗತಿಯೆಂದರೆ, ಆ ಆಟವನ್ನು ಅವನು ಈವರೆಗೆ ಒಂದು ಸಲವೂ ಆಡಿಲ್ಲ.

"ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ," ಎಂದು ಮೇಷ್ಟ್ರು ಹೆಂಡತಿಯ ಮುಂದೆ ಆಗಾಗ ಹೇಳುತ್ತಿದ್ದರು. "ಇವನಿಗೆ ಮಗನೂ ಇಲ್ಲ. ಊರವರ ಮಕ್ಕಳದ್ದು ಕೆತ್ತುತ್ತಾನೆ."

ಹಿಂದಿನ ಭಾನುವಾರ ಊಟಕ್ಕೆ ಬಂದವನನ್ನು ಮೇಷ್ಟ್ರು ಎಂದಿನಂತೆ ಕೆಣಕಿದ್ದರು.

"ಈ ವಾರ ಏನಪ್ಪ ಘನಕಾರ್ಯ ಆಯ್ತು?"

"ನಲವತ್ತೊಂದು ಚಿತ್ರ ತೆಗೆದುಹಾಕಿದೆ ಭಾವ."

"ಅಯ್ಯೋ, ಅವೇನು ಪಾಪ ಮಾಡಿದ್ವು?"

"ಹೆಸರು ಸರಿ ಇಲ್ಲ. ಎಲ್ಲಿಂದ ತಂದಿದ್ದು ಅಂತ ಬರೆದಿಲ್ಲ. ಹನ್ನೆರಡು ಒಂದೇ ಗುರಾಣಿ. ಒಂದರಲ್ಲಿ ಯಾರದೋ ಹೆಬ್ಬೆರಳು ಬಂದಿದೆ."

"ಎಡಗೈದೋ ಬಲಗೈದೋ?"

"ಎಡ," ಎಂದ ಎಡಬಲ, ನೀರು ಕುಡಿದು.

ಗೇಲಿ ಮಾಡಿದರೆ ಎದುರಿನವನಿಗೆ ಚುರುಕು ಮುಟ್ಟಬೇಕು. ಮುಟ್ಟದಿದ್ದರೆ ಆ ಚುರುಕು ತಿರುಗಿ ಬಂದು ನಮ್ಮನ್ನೇ ಸುಡುತ್ತದೆ. ಮೇಷ್ಟ್ರಿಗೆ ಸುಟ್ಟಿತು. "ನೋಡೋ, ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಚಿತ್ರ ಕಲಿಸ್ತಿರೋನು ನಾನು. ಒಂದು ಚಿತ್ರ ಹಾಕೋಕೆ ಏನು ಮಹಾ? ಹತ್ತು ನಿಮಿಷದಲ್ಲಿ ಹಾಕಿ ತೋರಿಸ್ತೀನಿ. ನೀನೂ ನಿನ್ನ ಪಟಾಲಮ್ಮೂ ಬಾಯಿ ಬಿಟ್ಕೊಂಡು ನೋಡ್ಬೇಕು."

"ಹಾಕಿ ಭಾವ. ಆದ್ರೆ ಮೊದಲು ನಿಯಮ ಓದ್ಕೊಳ್ಳಿ. ಮೂವತ್ತನಾಲ್ಕಿದೆ."

"ಚಿತ್ರದ ವಿಷಯ ನನಗೆ ನೀನು ಹೇಳ್ಕೊಡ್ತೀಯೇನೋ?"

"ಮೂವತ್ತನಾಲ್ಕೂ ಬೇಡ. ಮೊದಲನೇದು ಓದಿ ಸಾಕು."

ಮೇಷ್ಟ್ರು ಓದಲಿಲ್ಲ. ಇಪ್ಪತ್ತಾರು ವರ್ಷದಿಂದ ಹೂಜಿ ಒಂದು, ಸೇಬು ಎರಡು ಬರೆಸುತ್ತ ಬಂದವರು ಯಾಕೆ ಓದಬೇಕು?

ಮುಂದಿನ ಭಾನುವಾರ ಅವರ ಬಣ್ಣದ ಭಾನುವಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಷ್ಟ್ರ ಕೂದಲು ಶಾಲೆಯಲ್ಲಿ ಹೆಸರುವಾಸಿ. ಐವತ್ತಮೂರರಲ್ಲಿ ಒಂದು ನರೆಯಿಲ್ಲ. "ನಮ್ಮ ವಂಶದಲ್ಲೇ ಇಲ್ಲ," ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ಹಣೆಯ ಮೇಲಿನ ಸುರುಳಿಯನ್ನು ಬೆರಳಲ್ಲಿ ಒತ್ತುತ್ತಾರೆ. ಲೆಕ್ಕದ ಮೇಷ್ಟ್ರು ಪಾಪ, ತಲೆಗೆ ಬಣ್ಣ ಹಚ್ಚುತ್ತಿದ್ದರು. ಆಟೋಟದ ದಿನ ಬಿಸಿಲಲ್ಲಿ ನಿಂತು ಬೆವರಿ, ಬಣ್ಣ ಕಿವಿಯ ಪಕ್ಕ ಇಳಿದು ಕಾಲರಿಗೆ ಬಂತು. 'ಬೂಟ್ ಪಾಲಿಶ್' ಎಂದು ಅವರಿಗೆ ಹೆಸರಿಟ್ಟವರು ನಮ್ಮ ಡ್ರಾಯಿಂಗ್ ಮೇಷ್ಟ್ರೇ. ಶಾಲೆಗೆ ಶಾಲೆಯೇ ಅದನ್ನು ಎತ್ತಿಕೊಂಡಿತು. ಲೆಕ್ಕದ ಮೇಷ್ಟ್ರು ಅವತ್ತಿನಿಂದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬರೇ ಕೂರುತ್ತಾರೆ. ಡ್ರಾಯಿಂಗ್ ಮೇಷ್ಟ್ರು ಮಾತ್ರ ಹನ್ನೊಂದು ವರ್ಷದಿಂದ ಮೂರು ವಾರಕ್ಕೊಂದು ಭಾನುವಾರ ಬಾಗಿಲು ಭದ್ರಪಡಿಸಿಕೊಂಡು ವಂಶದ ಗೌರವ ಕಾಪಾಡುತ್ತ ಬಂದಿದ್ದಾರೆ. ಇದು ಹೆಂಡತಿಗೆ ಗೊತ್ತು, ಮಗಳಿಗೆ ಗೊತ್ತು. ಎಡಬಲನಿಗೆ ಗೊತ್ತೋ ಇಲ್ಲವೋ, ಅವನು ಕೇಳಿದವನಲ್ಲ.

ಆ ಬೆಳಿಗ್ಗೆ ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು. ಮಗಳು ಆಟವನ್ನು ಅರ್ಧಕ್ಕೆ ನಿಲ್ಲಿಸಿ ಪಾಠಕ್ಕೆ ಓಡಿದ್ದಳು. ಹಜಾರದ ಕಂಪ್ಯೂಟರ್ ಪರದೆಯ ಮೇಲೆ ಒಂದು ಆಳವಾದ ಬಾವಿ. ಬಾವಿಯ ಕಗ್ಗತ್ತಲ ತಳದಲ್ಲಿ ಒಂದೇ ಒಂದು ಹಳದಿ ಕಣ್ಣು. ಅದರ ಹೆಸರು ಬಾವಿಗಣ್ಣ. ಬಹಳ ದಿನದಿಂದ ವಿಕಿಯ ಅವನ ಪುಟದಲ್ಲಿ 'ಚಿತ್ರ ಬೇಕಾಗಿದೆ' ಎಂದು ಬರೆದಿದೆ ಎಂದು ಮಗಳು ಹೇಳಿದ್ದು ಮೇಷ್ಟ್ರಿಗೆ ನೆನಪಾಯಿತು. ಅವರು ಬಣ್ಣ ಹಚ್ಚಿ ಅರ್ಧಗಂಟೆ ಒಣಗಲು ಬಿಟ್ಟು ಅಡ್ಡಾಡುತ್ತಿದ್ದರು. ಕಿಟಕಿಯಿಂದ ಬಿಸಿಲು ನೇರ ಅವರ ಮೇಲೆ ಬೀಳುತ್ತಿತ್ತು. ಎಡಗೈಯಲ್ಲಿ ಮೊಬೈಲು ಎತ್ತಿ, ಪರದೆಗೆ ಹಿಡಿದು, ಒಂದು ಫೋಟೋ. ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದು ಖಾತೆ ತೆರೆದರು. ಹೆಸರು? ಶಾಲೆಯ ಗೋಡೆಚಿತ್ರಗಳ ಕೆಳಗೆ, ಮಕ್ಕಳ ಡ್ರಾಯಿಂಗ್ ಪುಸ್ತಕಗಳಲ್ಲಿ ತಾವು ಹಾಕುವ ಅಂಕಿತವೇ ಇರಲಿ ಎಂದು 'ಕುಂಚಸಾಮ್ರಾಟ' ಎಂದು ಬರೆದರು. ಬಾವಿಗಣ್ಣನ ಪುಟಕ್ಕೆ ಚಿತ್ರ ಏರಿತು. ಒಟ್ಟು ಒಂಬತ್ತು ನಿಮಿಷ.

ಹನ್ನೆರಡೂವರೆಗೆ ಮಗಳು ಬಂದು ಕಂಪ್ಯೂಟರಿನ ಮುಂದೆ ಕೂತಳು. "ಅಪ್ಪಾ! ಬಾವಿಗಣ್ಣನ ಪುಟಕ್ಕೆ ಯಾರೋ ಚಿತ್ರ ಹಾಕಿದಾರೆ. ಮುನ್ನೂರು ಜನ ಅದರ ಬಗ್ಗೆ ಬರೀತಿದಾರೆ!"

"ಬರೀತಾರೆ, ಬರೀತಾರೆ," ಎಂದರು ಮೇಷ್ಟ್ರು, ಕಾಲು ಅಲ್ಲಾಡಿಸುತ್ತ. "ಕಲೆ ಅಂದ್ರೆ ಹಾಗೇನೇ."

"ಬಾವಿಗಣ್ಣನ ಬಗ್ಗೆ ಅಲ್ಲಪ್ಪ. ಅವನ ಹಿಂದೆ ಬಾವಿಯಲ್ಲಿ ಇನ್ನೊಂದು ಭೂತ ಅಡಗಿದೆಯಂತೆ. ಇಷ್ಟು ವರ್ಷ ಯಾರಿಗೂ ಕಂಡಿರಲಿಲ್ಲವಂತೆ. ತಲೆ ಮೇಲೆ ಕರಿ ಕೆಸರು, ಎಡಗೈಲಿ ಮೂಳೆ, ಬಲಗೈಲಿ ಕರಿ ಪೆಟ್ಟಿಗೆ..." ಮಗಳು ಪರದೆಗೆ ಮುಖ ಹತ್ತಿರ ತಂದಳು. ಆಮೇಲೆ ತಿರುಗಿ ತಂದೆಯನ್ನು ನೋಡಿದಳು. ಮತ್ತೆ ಪರದೆ ನೋಡಿದಳು. "ಅಪ್ಪಾ, ಈ ಬನಿಯನ್..."

ಮೇಷ್ಟ್ರು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು.

ಕಪ್ಪು ಬಾವಿ ಕನ್ನಡಿಯಂತೆ ಕೆಲಸ ಮಾಡಿತ್ತು. ಒಂಟಿ ಕಣ್ಣಿನ ಮೇಲ್ಗಡೆ, ನೀರಿನಾಳದಿಂದ ಏಳುತ್ತಿರುವಂತೆ, ಮಂಕಾಗಿ, ಮೇಷ್ಟ್ರು ನಿಂತಿದ್ದರು. ಜನ ಅವರಿಗೆ ಆಗಲೇ 'ಕೆಸರಪ್ಪ' ಎಂದು ಹೆಸರಿಟ್ಟಿದ್ದರು. ಕೆಸರಪ್ಪ ಯಾರು, ಯಾವಾಗ ಸತ್ತ, ಯಾಕೆ ಅವನ ಬಾಯಿ ಅರ್ಧ ತೆರೆದಿದೆ ಎಂಬ ಬಗ್ಗೆ ಮೂರು ಪಂಥಗಳಾಗಿದ್ದವು. ಗಡ್ಡ ಬಂದ ಗಂಡಸರು, ಮನೆಮಠ ಇರುವವರು, ಭಾನುವಾರ ಬೆಳಿಗ್ಗೆ ಕೂತು ಕೆಸರಪ್ಪನ ಹೊಟ್ಟೆ ಸಾವಿಗಿಂತ ಮುಂಚೆಯೇ ಉಬ್ಬಿತ್ತೋ ಆಮೇಲೆ ಉಬ್ಬಿತೋ ಎಂದು ಜಗಳವಾಡುತ್ತಿದ್ದರು.

"ಒಂಬತ್ತನೇ ಕ್ಲಾಸಿನ ಅರ್ಧ ಜನ ಇದನ್ನೇ ಆಡೋದು," ಎಂದಳು ಮಗಳು, ಉಪಕಾರವೆಂಬಂತೆ.

"ತೆಗಿ! ಈಗಲೇ ತೆಗಿ!"

"ನಮ್ಮ ಕೈಲಿ ಆಗಲ್ಲಪ್ಪ. ಹಾಕೋದು ಯಾರು ಬೇಕಾದ್ರೂ ಹಾಕಬಹುದು. ತೆಗಿಯೋದು ಮೂರೇ ಜನ. ಬೇರೆ ಚಿತ್ರ ಇದರ ಮೇಲೆ ಹಾಕಿದ್ರೂ ಹಳೇದು ಅಡಿಯಲ್ಲಿ ಹಾಗೇ ಇರುತ್ತೆ, ಯಾರು ಬೇಕಾದ್ರೂ ಎಳೆದು ನೋಡಬಹುದು. ಮಾವನಿಗೆ ಹೇಳು."

ಮಾವ ಅಷ್ಟು ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಮೇಷ್ಟ್ರು ತಮ್ಮ ಜೀವಮಾನದಲ್ಲಿ ಮೊದಲ ಬಾರಿ ಭಾವಮೈದುನನಿಗೆ ಕುರ್ಚಿ ಎಳೆದುಕೊಟ್ಟರು. "ಬಾಪ್ಪ, ಬಾ. ಒಂದು ಸಣ್ಣ ವಿಷಯ..."

"ಗೊತ್ತು ಭಾವ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೇ ನೋಡಿದೆ."

"ನಾನು ಅಂತ ಗೊತ್ತಾಯ್ತಾ?"

"ಬನಿಯನ್ನಿನ ಹೊಲಿಗೆ ಅಕ್ಕಂದು."

ಒಳಗಿನಿಂದ ಬಂದ ಹೆಂಡತಿ ಪರದೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. "ಸಾವಿರ ಸಲ ಹೇಳಿದೀನಿ, ಆ ಬನಿಯನ್ ಒರೆಸೋ ಬಟ್ಟೆಗೆ ಹಾಕಿ ಅಂತ. ಕೇಳಿದ್ರಾ? ಈಗ ನೋಡಿ, ಊರೆಲ್ಲ ನನ್ನ ಹೊಲಿಗೆ ನೋಡೋ ಹಾಗಾಯ್ತು."

"ಬನಿಯನ್ ಬಿಡೇ, ತಲೆ ನೋಡೇ!" ಎಂದು ಕಿರುಚಿ ಮೇಷ್ಟ್ರು ಎಡಬಲನ ಕಡೆ ತಿರುಗಿದರು. "ನೋಡಿದೆಯಲ್ಲ, ಮತ್ಯಾಕೋ ತೆಗೀಲಿಲ್ಲ?"

"ತೆಗಿಯೋ ಪಟ್ಟಿಗೆ ಹಾಕಿದೀನಿ. ಕಾರಣ: ಮೊದಲನೇ ನಿಯಮ, ಪರದೆಯ ಫೋಟೋ. ಎಪ್ಪತ್ತೆರಡು ಗಂಟೆ ಕಾಯಬೇಕು. ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹೋಗುತ್ತೆ."

"ಬುಧವಾರ! ಸೋಮವಾರ ಮೊದಲನೇ ಪಿರಿಯಡ್ಡು ಒಂಬತ್ತನೇ ಕ್ಲಾಸು ಕಣೋ!"

"ಮೊದಲು ಹಾಗೇ ತೆಗೀತಿದ್ರು ಭಾವ. ಹಿಂದೆ ಇದ್ದ ಒಬ್ಬ ಮೇಲ್ವಿಚಾರಕ, ಯಾರ ಮೇಲೆ ಸಿಟ್ಟು ಬಂದ್ರೆ ಅವರ ಚಿತ್ರ ತೆಗೆದುಹಾಕ್ತಿದ್ದ. ಅದಕ್ಕೆ ಈ ಕಾಯೋ ನಿಯಮ ಮಾಡಿದ್ದು."

"ಯಾವ ಮುಠ್ಠಾಳ ಮಾಡಿದ್ದು?"

"ನಾನು."

ಊಟ ನಡೆಯಿತು. ಎಡಬಲ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಉಣ್ಣುತ್ತಿದ್ದ. ಕೈ ತೊಳೆದು ಬಂದು, "ಒಂದು ಸಣ್ಣ ಕೆಲಸ ಉಳಿದಿತ್ತು," ಎಂದು ನಾಲ್ಕು ಗುಂಡಿ ಒತ್ತಿದ. ಮೊಬೈಲು ಕೊಟ್ಟ ಅಂಕಿಸಂಖ್ಯೆಯ ಹೆಸರಿನಲ್ಲೇ ಮೇಷ್ಟ್ರು ಫೋಟೋ ಹಾಕಿದ್ದರು. ಎರಡನೆಯ ನಿಯಮದ ಪ್ರಕಾರ ಕಡತದ ಹೆಸರು ಅದರಲ್ಲಿ ಏನಿದೆಯೋ ಅದನ್ನೇ ಹೇಳಬೇಕು. ಮೇಷ್ಟ್ರು ಬಗ್ಗಿ ನೋಡಿದರು. ಹೊಸ ಹೆಸರು: 'ಬಾವಿಗಣ್ಣ, ತಲೆಗೆ ಬಣ್ಣ ಹಚ್ಚಿಕೊಂಡ ಗಂಡಸಿನ ಪ್ರತಿಬಿಂಬ ಸಹಿತ.'

"ಕೊಂದೆಯಲ್ಲೋ!"

"ಹೆದರಬೇಡಿ, ಯಾರೂ ನಂಬ್ತಿಲ್ಲ," ಎಂದ ಎಡಬಲ. ನಿಜವಾಗಿಯೂ ಯಾರೂ ನಂಬಿರಲಿಲ್ಲ. ಹೆಸರು ಬದಲಾದ ಎರಡೇ ನಿಮಿಷಕ್ಕೆ ಒಬ್ಬ ಮಹಾಪಂಡಿತ, 'ಹೆಸರಿಟ್ಟವನಿಗೆ ಮಂಜುಕೋಟೆಯ ಕಥೆಯ ಗಂಧಗಾಳಿ ಇಲ್ಲ' ಎಂದು ತೀರ್ಪು ಕೊಟ್ಟಿದ್ದ. ಲೋಕದಲ್ಲಿ ಮೂರ್ಖರು ಇಷ್ಟು ಒಗ್ಗಟ್ಟಾಗಿರುವುದಕ್ಕೆ ಮೇಷ್ಟ್ರು ಮೊದಲ ಸಲ ದೇವರಿಗೆ ಕೈಮುಗಿದರು. ಕೆಸರಪ್ಪನಾಗಿ ಬುಧವಾರದವರೆಗೆ ತಳ್ಳಿಬಿಡಬಹುದು. ಮಂಕಾದ ಚಿತ್ರ, ಒಂಬತ್ತನೇ ಕ್ಲಾಸಿನವರಿಗೆ ಗುರುತು ಸಿಗಲಾರದು.

ಆದರೆ ಆ ಪಂಡಿತ ಸುಮ್ಮನಿರುವ ಜಾತಿಯವನಲ್ಲ. ಎರಡು ಗಂಟೆಯ ಹೊತ್ತಿಗೆ ಫೋಟೋಗೆ ಬೆಳಕು ಏರಿಸಿ, ಕೆಸರಪ್ಪನ ಹಿಂದೆ ಗೋಡೆಯಿದೆ, ಗೋಡೆಯ ಮೇಲೆ ಒಂದು ಶಾಸನವಿದೆ ಎಂದು ಘೋಷಿಸಿದ. ಅದು ಶಾಸನವಲ್ಲ. ಮೇಷ್ಟ್ರಿಗೆ ಶಾಲೆಯವರು ಇಪ್ಪತ್ತೈದು ವರ್ಷದ ಸೇವೆಗೆ ಕೊಟ್ಟ ಹಿತ್ತಾಳೆಯ ಫಲಕ. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂದು ಅವರೇ ಹಜಾರದ ನಡುಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದು. ಅದರ ಮೇಲೆ ಶಾಲೆಯ ಹೆಸರು ಒಂದೊಂದು ಅಂಗುಲ ಎತ್ತರದ ಅಕ್ಷರದಲ್ಲಿದೆ.

"ಓದೋಕೆ ಬರಲ್ಲ ಬಿಡಪ್ಪ," ಎಂದಳು ಮಗಳು, ಚರ್ಚೆಯನ್ನು ಓದುತ್ತ. "ಪುರಾತನ ಲಿಪಿ ಅಂತಿದಾರೆ. ಒಬ್ಬ ಅದಕ್ಕೆ ಅಕ್ಷರಮಾಲೆ ಬೇರೆ ಮಾಡ್ತಿದಾನೆ."

ಮೇಷ್ಟ್ರು ಉಸಿರು ಬಿಟ್ಟರು. ಅಷ್ಟರಲ್ಲಿ ಎಡಬಲನ ಬೆರಳು ಕೀಲಿಗಳ ಮೇಲೆ ಟಕಟಕ ಓಡಿತು.

"ಏನೋ ಬರೆದೆ?"

"ಎಡಗೈಲಿ ಮೂಳೆ ಅಂತ ಬರೆದಿದ್ರು ಭಾವ. ತಪ್ಪು. ಪ್ರತಿಬಿಂಬ ಅದು, ತಿರುಗಿಸಿ ನೋಡಿ, ಬಲಗೈ, ಅಂತ ತಿದ್ದಿದೆ."

ಮೊದಲು ಅರ್ಥವಾದದ್ದು ಹೆಂಡತಿಗೆ. "ಅಯ್ಯೋ ನನ್ನ ಕರ್ಮವೇ," ಎಂದಳು. "ತಿರುಗಿಸಿದ್ರೆ ಫಲಕ ಓದೋಕೆ ಬರುತ್ತಲ್ಲೋ!"

"ಬರುತ್ತೆ," ಎಂದು ಎಡಬಲ ಒಪ್ಪಿದ. "ಆದ್ರೆ ಎಡ ಎಡವೇ, ಬಲ ಬಲವೇ ಅಕ್ಕ."

ಹಾವನ್ನು ಹುತ್ತದಿಂದ ಕರೆದು, ಕಚ್ಚಬೇಕಾದ ಜಾಗವನ್ನೂ ತೋರಿಸಿಕೊಟ್ಟು, ಅದರ ಬಾಲ ನೇರಮಾಡುವ ಮನುಷ್ಯ. ಅವನ ಮುಖದಲ್ಲಿ ದ್ವೇಷವಿದ್ದಿದ್ದರೆ ಮೇಷ್ಟ್ರು ಎರಡು ಬಾರಿಸಿ ಹಗುರಾಗುತ್ತಿದ್ದರು. ಏನೂ ಇರಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದಷ್ಟೂ ಇರಲಿಲ್ಲ. ಈ ತಲೆಗೆ ಎಕ್ಸ್‌ರೇ ತೆಗೆದರೆ ಒಳಗೆ ಮೂವತ್ತನಾಲ್ಕು ಕಂದು ಲಕೋಟೆ ಬಿಟ್ಟು ಬೇರೇನೂ ಕಾಣಲಾರದು ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು.

ಮೂರೂಕಾಲಿಗೆ ಯಾರೋ ಚಿತ್ರ ತಿರುಗಿಸಿದರು. ಮೂರೂವರೆಗೆ ಫಲಕದ ಕೊನೆಯ ಪದ ಬಯಲಾಯಿತು: 'ಪ್ರೌಢಶಾಲೆ'. ಪಂಡಿತನಿಗೆ ಆಘಾತವಾಯಿತು, ಆದರೂ ಸೋಲದೆ, ಮಂಜುಕೋಟೆಯ ಅಡಿಯಲ್ಲಿ ಒಂದು ಮುಳುಗಿದ ಶಾಲೆಯಿತ್ತೆಂದೂ ಕೆಸರಪ್ಪ ಅದರ ಶಾಪಗ್ರಸ್ತ ಗುರುವೆಂದೂ ಬರೆದ. ಮಿಕ್ಕವರು ಮೊದಲ ಪದಕ್ಕೆ ಬೆಳಕು ಏರಿಸತೊಡಗಿದರು.

"ಬೇರೆ ದಾರಿ ಇಲ್ವೇನೋ?" ಮೇಷ್ಟ್ರ ದನಿ ಈಗ ಮೇಷ್ಟ್ರ ದನಿಯಾಗಿರಲಿಲ್ಲ.

"ಇದೆ. ಇಪ್ಪತ್ತೊಂಬತ್ತನೇ ನಿಯಮ. ಚಿತ್ರದಲ್ಲಿ ನಿಜವಾದ ಮನುಷ್ಯ ಇದ್ದು, ಅವನೇ ಅರ್ಜಿ ಹಾಕಿದ್ರೆ ತಕ್ಷಣ ತೆಗೀಬೇಕು. ಅದರಿಂದ ಬೇರೆಯವರು ಮಾಡಿದ ಮರಿಚಿತ್ರಗಳನ್ನೂ ತೆಗೀಬೇಕು. ಕಾಯೋ ಹಾಗಿಲ್ಲ."

"ಇದನ್ನ ಬಂದಾಗಲೇ ಬೊಗಳೋಕೆ ಏನಾಗಿತ್ತು?"

"ನೀವು ಕೇಳಿಲ್ಲ. ನಿಯಮ ಓದಿದ್ರೆ ಗೊತ್ತಾಗ್ತಿತ್ತು."

ಅರ್ಜಿಯನ್ನು ಚಿತ್ರ ಹಾಕಿದ ಖಾತೆಯಿಂದಲೇ ಹಾಕಬೇಕು. ಅಂದರೆ ಕುಂಚಸಾಮ್ರಾಟನೇ ಹಾಕಬೇಕು. ಮಗಳು ಕಂಪ್ಯೂಟರು ಬಿಟ್ಟುಕೊಟ್ಟಳು, ಮೇಷ್ಟ್ರು ಕೂತರು. ಎದುರು ಮೇಜಿನ ಆ ತುದಿಯಲ್ಲಿ ಎಡಬಲ. ನಡುವೆ ಎರಡು ಮೊಳ ಹಲಗೆ, ಒಂದು ನೀರಿನ ಚೊಂಬು. 'ಚಿತ್ರದಲ್ಲಿರುವ ವ್ಯಕ್ತಿ ಯಾರು?' ಎಂಬ ಪ್ರಶ್ನೆಗೆ ಮೇಷ್ಟ್ರು 'ನಾನು' ಎಂದು ಬರೆದರು. 'ವ್ಯಕ್ತಿ ಏನು ಮಾಡುತ್ತಿದ್ದಾನೆ?' ಎಂಬುದಕ್ಕೆ 'ವಿಶ್ರಾಂತಿ' ಎಂದು ಬರೆದು ಕಳಿಸಿದರು.

ಎದುರಿನಿಂದ ಟಕಟಕ. ಅರ್ಜಿ ವಾಪಸು ಬಂತು: 'ಚಿತ್ರಕ್ಕೂ ವಿವರಕ್ಕೂ ತಾಳೆಯಾಗುತ್ತಿಲ್ಲ.'

"ಲೋ, ಎದುರಿಗೇ ಕೂತಿದೀಯ, ಬಾಯಲ್ಲಿ ಹೇಳೋಕಾಗಲ್ವಾ?"

"ಬರಹದಲ್ಲಿ ಇರಬೇಕು ಭಾವ. ಉಳಿದ ಇಬ್ಬರು ಮೇಲ್ವಿಚಾರಕರೂ ನೋಡ್ತಾರೆ. ನೀವು ನೆಂಟರು ಬೇರೆ. ಒಂದಕ್ಷರ ಸಡಿಲ ಬಿಟ್ರೂ ನನ್ನ ಕೈಯಿಂದ ಈ ಅಧಿಕಾರ ಕಿತ್ಕೊಳ್ತಾರೆ."

ಮೇಷ್ಟ್ರು 'ತಲೆಗೆ ಎಣ್ಣೆ ಹಚ್ಚುತ್ತಿದ್ದಾನೆ' ಎಂದು ತಿದ್ದಿದರು. ವಾಪಸು: 'ಎಣ್ಣೆಗೆ ಬ್ರಷ್ ಬಳಸುವುದಿಲ್ಲ.' 'ಔಷಧಿ' ಎಂದರು. ವಾಪಸು: 'ಯಾವ ಕಾಯಿಲೆಗೆ?' ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ, "ಬರೆದುಬಿಡಿ ಅತ್ಲಾಗೆ," ಎಂದಳು. "ಹನ್ನೊಂದು ವರ್ಷ ಬಚ್ಚಲು ಕರ್ರಗಾಗಿದ್ದು ಸಾಕು."

ಮಗಳು ಮೊಬೈಲಿನಿಂದ ತಲೆಯೆತ್ತಿದಳು. "ಅಪ್ಪಾ, ಮೊದಲ ಪದದ ಎರಡು ಅಕ್ಷರ ಓದಿದ್ರು."

ನಾಲ್ಕೂ ನಲವತ್ತಕ್ಕೆ ಕುಂಚಸಾಮ್ರಾಟ ಬರೆದ ಅರ್ಜಿ ಹೀಗಿತ್ತು: 'ಚಿತ್ರದಲ್ಲಿರುವುದು ಭೂತವಲ್ಲ, ನಾನು. ನಾನು ನೆರೆತ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಿದ್ದೆ. ಕೈಯಲ್ಲಿರುವುದು ಆ ಬಣ್ಣದ ಬ್ರಷ್ಷು. ಬಲಗೈ. ದಯವಿಟ್ಟು ತೆಗೆಯಿರಿ.'

ನಾಲ್ಕೂ ನಲವತ್ತೊಂದಕ್ಕೆ ಚಿತ್ರ ಹೋಯಿತು. ಬೆಳಕು ಏರಿಸಿದ್ದು ಹೋಯಿತು, ತಿರುಗಿಸಿದ್ದು ಹೋಯಿತು. ಫಲಕದ ಉಳಿದ ಅಕ್ಷರಗಳು ಬಾವಿಯಲ್ಲೇ ಉಳಿದವು. ಬಾವಿಗಣ್ಣನ ಪುಟದಲ್ಲಿ ಮತ್ತೆ 'ಚಿತ್ರ ಬೇಕಾಗಿದೆ' ಎಂದು ಬಂತು. ಮೇಷ್ಟ್ರು ಚೊಂಬಿನ ನೀರನ್ನು ಎತ್ತಿ ಪೂರ್ತಿ ಕುಡಿದರು. ಪರವಾಗಿಲ್ಲ, ಬದುಕಿದೆ ಎಂದುಕೊಂಡರು. ಅವರ ದಡ್ಡತನಕ್ಕೆ ಆ ದಿನ ಎಷ್ಟು ಅವಕಾಶಗಳು ಸಿಕ್ಕಿದ್ದವೋ ಅದರಲ್ಲಿ ಇದೇ ಕೊನೆಯದು.

ಸೋಮವಾರ ಮೊದಲನೇ ಪಿರಿಯಡ್ಡು. ಒಂಬತ್ತನೇ ಕ್ಲಾಸು ಇಷ್ಟು ನಿಶ್ಶಬ್ದವಾಗಿದ್ದುದನ್ನು ಮೇಷ್ಟ್ರು ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ. ಹಲಗೆಯ ಮೇಲೆ ಹೂಜಿ ಬರೆದರು. ಸೇಬು ಬರೆದರು. ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು.

"ಸರ್, ಬ್ರಷ್ ಬಲಗೈಲೇ ಹಿಡೀಬೇಕಾ ಸರ್?"

ಕ್ಲಾಸಿಗೆ ಕ್ಲಾಸೇ ಬೆಂಚಿನ ಕೆಳಗೆ ಏನನ್ನೋ ಹುಡುಕುವಂತೆ ಬಗ್ಗಿತು. ಯಾರೂ ನಗಲಿಲ್ಲ, ಯಾಕೆಂದರೆ ಯಾರಿಗೂ ಉಸಿರಾಡಲು ಆಗುತ್ತಿರಲಿಲ್ಲ. ಎಲ್ಲರ ಡ್ರಾಯಿಂಗ್ ಪುಸ್ತಕದಲ್ಲೂ, ಪ್ರತಿ ಚಿತ್ರದ ಕೆಳಗೂ, ಕೆಂಪು ಶಾಯಿಯಲ್ಲಿ ಮೇಷ್ಟ್ರ ಕೈಬರಹದಲ್ಲೇ ಇತ್ತು: ಕುಂಚಸಾಮ್ರಾಟ.

ಕ್ಲಾಸಿನದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಸ್ಟಾಫ್ ರೂಮಿನದು ನುಂಗಲಾಗಲಿಲ್ಲ. ಬೂಟ್ ಪಾಲಿಶ್ ಕಿಟಕಿಯ ಪಕ್ಕದ ತಮ್ಮ ಕುರ್ಚಿ ಎತ್ತಿಕೊಂಡು ಬಂದು ಮೇಷ್ಟ್ರ ಪಕ್ಕ ಹಾಕಿ ಕೂತರು. ಗೇಲಿ ಮಾಡುತ್ತಾರೆಂದು ಮೇಷ್ಟ್ರು ಕಾದರು. ಅವರು ಗೇಲಿ ಮಾಡಲಿಲ್ಲ. ತಗ್ಗಿದ ದನಿಯಲ್ಲಿ, ಅಣ್ಣ ತಮ್ಮನಿಗೆ ಹೇಳಿದಂತೆ, "ಪೂರ್ತಿ ಕಪ್ಪು ಹಚ್ಚಬೇಡಿ ಸರ್. ಸ್ವಲ್ಪ ಕಂದು ಬೆರೆಸಿ. ಸಹಜವಾಗಿ ಕಾಣುತ್ತೆ," ಎಂದರು. "ಕಿವಿ ಹತ್ರ ಮೊದಲು ಒಂಚೂರು ಎಣ್ಣೆ ಸವರಿಕೊಳ್ಳಿ. ಇಳಿಯಲ್ಲ." ಆ ಹೆಸರು ಬಿದ್ದಂದಿನಿಂದ ಆ ಕೋಣೆಯಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಮೇಷ್ಟ್ರಿಗೆ ಅದಕ್ಕಿಂತ ಕಪಾಳಕ್ಕೆ ಎರಡು ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

"ಓದಿದೆ ಸರ್. ಮಕ್ಕಳು ತೋರಿಸಿದ್ರು."

"ತೆಗೆದುಹಾಕಿದಾರಲ್ಲ ಅದನ್ನ!"

"ಚಿತ್ರ ತೆಗೆದಿದಾರೆ. ನಿಮ್ಮ ಅರ್ಜಿ ಇದೆಯಲ್ಲ ಸರ್, ದೊಡ್ಡದಾಗಿ."

ಶಾಲೆ ಬಿಟ್ಟವರೇ ಮೇಷ್ಟ್ರು ನೇರ ಆಸ್ಪತ್ರೆಗೆ ಹೋದರು. ನೆಲಮಾಳಿಗೆಯ ಮೆಟ್ಟಿಲಿಳಿದು ಫಿಲಂ ಕೋಣೆಯ ಬಾಗಿಲು ದೂಡಿದರು. ಎಡಬಲ ದೀಪದ ಪೆಟ್ಟಿಗೆಯ ಮುಂದೆ ನಿಂತು ಯಾರದೋ ಪಕ್ಕೆಲುಬುಗಳನ್ನು ಎಣಿಸಿ ಲಕೋಟೆಯ ಮೇಲೆ ಬರೆಯುತ್ತಿದ್ದ. ಬೆಳ್ಳಗಿನ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಆ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ.

"ಎಡವೋ ಬಲವೋ?" ಎಂದ, ತಿರುಗಿ ನೋಡದೆ.

"ನಾನು ಕಣೋ!"

"ಓ, ಭಾವ. ಕೂತ್ಕೊಳ್ಳಿ." ಕೋಣೆಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದನ್ನು ತಳ್ಳಿಕೊಟ್ಟ.

ಮೇಷ್ಟ್ರು ಕೂರಲಿಲ್ಲ. ಮೊಬೈಲು ತೆಗೆದು ಅವನ ಮೂಗಿನ ಮುಂದೆ ಹಿಡಿದರು. ಬಾವಿಗಣ್ಣನ ಚರ್ಚೆಯ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ಚೌಕಟ್ಟು ಹಾಕಿಸಿಕೊಂಡು ಅವರ ಅರ್ಜಿ ಕೂತಿತ್ತು. ಒಂದು ಅಕ್ಷರವೂ ಮಂಕಾಗಿರಲಿಲ್ಲ. ಕೆಳಗೆ ಪಂಡಿತ ಬರೆದಿದ್ದ, 'ಗುರುಗಳ ಪ್ರಾಮಾಣಿಕತೆಗೆ ನಮಸ್ಕಾರ.' ಅದರ ಕೆಳಗೆ ಆರುನೂರು ನಮಸ್ಕಾರ.

"ನೆರೆತ ಕೂದಲು ಅಂತ ಇದೆಯಲ್ಲೋ ಇಲ್ಲಿ, ನನ್ನ ಕೈಯಾರೆ ಬರೆದಿದ್ದು! ನೀನೇ ಬರೆಸಿದ್ದು! ಇದನ್ನ ಯಾವಾಗ ಅಳಿಸ್ತೀಯ?"

ಎಡಬಲ ಮೊಬೈಲನ್ನು ಕೈಗೆ ತೆಗೆದುಕೊಂಡು, ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಹಿಂದಿರುಗಿಸಿದ.

"ಅದು ಚಿತ್ರ ಅಲ್ಲ ಭಾವ, ಅಕ್ಷರ. ಅಕ್ಷರದ ವಿಭಾಗ ಬೇರೆಯವರದು."